ಗಂಗಣ್ಣ ನವಿಲು

ಗೋಡೆಯಾಚೆ ನಾಲ್ಕನೇ ಮಗ್ಗ ಲಯ ತಪ್ಪಿತು, ಎಳೆ ಕಡಿದಿರಬೇಕು, ಯಾರೋ ನಿಲ್ಲಿಸಿದರು, ಈಗ ಉಳಿದ ಏಳರ ಸದ್ದು ಮಾತ್ರ, ಆರು ವರ್ಷದಲ್ಲಿ ಪ್ರಮೋದಾಳ ಕಿವಿ ತಾನಾಗಿಯೇ ಇದನ್ನೆಲ್ಲ ಕಲಿತುಬಿಟ್ಟಿದೆ, ಕಣ್ಣು ಮಾತ್ರ ಪರದೆಯ ಮೇಲಿನ ಪ್ರೋಗ್ರಾಂನ ಆ ಒಂದು ಸಾಲಿಗೆ ಅಂಟಿಕೊಂಡಿದೆ, ಎಂಟು ತಿಂಗಳಿಂದ ತೆರೆದು ನೋಡದ ಸಾಲು, ಚಿತ್ತಾರ ನೇಯುವ ಹೊಸ ಜಕಾರ್ಡ್ ಯಂತ್ರ ಬಂತೆಂದು ಇವತ್ತು ತೆರೆಯಬೇಕಾಯಿತು, ಬರದಿದ್ದರೆ ತೆರೆಯುತ್ತಿದ್ದಳೇ — ಇಲ್ಲ, ಸುಳ್ಳು ಯಾಕೆ, ತೆರೆಯುತ್ತಿರಲಿಲ್ಲ. ಎರಡು ಚಿಹ್ನೆ ಹಾಕಬೇಕು, ಹೆಸರಿನ ಈಚೆಗೊಂದು ಆಚೆಗೊಂದು, ಹೈಸ್ಕೂಲಿನ ಕನ್ನಡ ಮೇಷ್ಟ್ರು ಉದ್ಧರಣ ಚಿಹ್ನೆ ಎಂದು ಕಲಿಸಿದ್ದರಲ್ಲ, ಒಬ್ಬನ ಮಾತು ಎಲ್ಲಿ ಶುರುವಾಯ್ತು ಎಲ್ಲಿ ಮುಗೀತು ಅಂತ ತಿಳೀಲಿ ಅಂತ ಕಣ್ರೋ ಅದು, ಎಂದು, ಅದೇ, ಬೇಕಾಗಿದ್ದದ್ದು ಅಷ್ಟೇ. ಮೂಲೆಯಲ್ಲಿ ನೂಲಿನ ಕೋಣೆಯ ಬಾಗಿಲ ಪಕ್ಕ ಗಂಗಣ್ಣ ಭೂತಗನ್ನಡಿ ಹಿಡಿದು ಯಾರದೋ ಮದುವೆ ಸೀರೆಯ ಅಂಚಿನ ಎಳೆ ಎಣಿಸುತ್ತಿದ್ದಾರೆ, ತುಟಿ ಅಲ್ಲಾಡುತ್ತಿದೆ, ಹತ್ತು ಎಳೆಗೊಮ್ಮೆ ನಿಲ್ಲಿಸಿ ಗ್ರಾಫ್ ಹಾಳೆಯ ಮನೆಗಳಿಗೆ ಪೆನ್ಸಿಲ್ ತುಂಬುತ್ತಾರೆ, ಮತ್ತೆ ಬಗ್ಗುತ್ತಾರೆ, ಇಲ್ಲಿಯವರೆಗೂ ನುಸಿಗುಳಿಗೆಯ ವಾಸನೆ. ಆ ಸೀರೆ ಸಮೇತನಹಳ್ಳಿಯ ರುಕ್ಮಿಣಮ್ಮ ಅನ್ನೋರದಂತೆ, ಮೂರು ಬಸ್ಸು ಬದಲಾಯಿಸಿ ಹೋಗಿ ತಂದದ್ದು, ಹದಿನೈದು ದಿನ ಕೊಡಿ ತಾಯಿ, ಇದರ ಅಂಚು ಬರೆದೋನು ನಾನೇ, ನನ್ನ ಹತ್ರಾನೇ ಇಲ್ಲ ಈಗ, ಎಂದು ಬಾಗಿಲಲ್ಲಿ ನಿಂತು ಕೇಳಿದರಂತೆ. ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಸೀರೆಗೆ ಚಿತ್ತಾರ ಬರೆದ ಮನುಷ್ಯ, ಈಗ ಊರೂರು ತಿರುಗಿ ಹೆಂಗಸರ ಟ್ರಂಕಿನಿಂದ ತನ್ನದೇ ಚಿತ್ತಾರವನ್ನು ಕೇಳಿ ಇಸಿದುಕೊಂಡು ಬರುತ್ತಾರೆ, ಮುನ್ನೂರಕ್ಕೂ ಮೇಲೆ ಹೋದದ್ದರಲ್ಲಿ ಹತ್ತೊಂಬತ್ತು ಸಿಕ್ಕಿವೆ, ಇದು ಇಪ್ಪತ್ತನೆಯದು, ಹೀಗೇ ಎಣಿಸುತ್ತಾ ಹೋದರೆ ಮನುಷ್ಯನ ಆಯಸ್ಸು — ಬೇಡ. ಚಿತ್ತಾರವನ್ನು ಮಗ್ಗಕ್ಕೆ ಒಪ್ಪಿಸುವ ಪ್ರೋಗ್ರಾಂ ಪ್ರಮೋದಾಳದೇ, ಮೊದಲ ಅಕ್ಷರದಿಂದ ಕೊನೆಯವರೆಗೆ ಸಿ ಭಾಷೆಯಲ್ಲಿ ಅವಳೇ ಬರೆದದ್ದು, ಯಂತ್ರದವರು ಕೊಟ್ಟಿದ್ದೆಲ್ಲ ಸಿ ಯಲ್ಲೇ ಇತ್ತು, ಆದರೆ ಚಿತ್ರದ ಅಳತೆ ಬದಲಿಸುವುದು, ಬಣ್ಣ ಇಳಿಸುವುದು, ಕಡತ ನಕಲು ಮಾಡುವುದು, ಇವಕ್ಕೆಲ್ಲ ಬೇರೆ ಪ್ರೋಗ್ರಾಂಗಳು ಸಿದ್ಧವಾಗಿಯೇ ಇದ್ದವು, ಮತ್ತೆ ಬರೆಯುವ ದರ್ದೇನು, ಹಾಗಾಗಿ ತನ್ನ ಪ್ರೋಗ್ರಾಂ ಒಂದು ಶೆಲ್ ಸ್ಕ್ರಿಪ್ಟ್ ಬರೆಯುವಂತೆ ಮಾಡಿದಳು, ಮೊದಲು ಇದನ್ನು ಓಡಿಸು, ಆಮೇಲೆ ಅದನ್ನು ಓಡಿಸು ಎಂದು ಸಾಲು ಸಾಲಾಗಿ, ಬರೆದು, ಆಜ್ಞೆಗಳನ್ನು ನಡೆಸುವ ಶೆಲ್ಲಿನ ಕೈಗೆ ಕೊಟ್ಟು ಕಾಯುತ್ತ ಕೂರುತ್ತದೆ, ಮೇಸ್ತ್ರಿ ಚೀಟಿ ಬರೆದು ಆಳಿನ ಕೈಗೆ ಕೊಟ್ಟ ಹಾಗೆ, ಚೀಟಿಯಲ್ಲಿದ್ದದ್ದನ್ನು ಆಳು ಮಾಡುತ್ತಾನೆ, ಯಾಕೆ ಏನು ಕೇಳುವುದಿಲ್ಲ. ಎಷ್ಟು ಹೆಮ್ಮೆಯಿತ್ತು ಆಗ. ಕೊನೆಯ ಸಾಲು, ಕೆಲಸ ಮುಗಿದ ಮೇಲೆ ಆ ಚಿತ್ತಾರದ ಹೆಸರಿನ ತಾತ್ಕಾಲಿಕ ಕಚ್ಚಾ ಫೋಲ್ಡರ್ ಅಳಿಸು. ಹೆಸರಿನ ನಡುವೆ ಜಾಗವಿದ್ದರೆ ಶೆಲ್ಲಿಗೆ ಅದು ಒಂದು ಹೆಸರಲ್ಲ, ಎರಡು, ಆ ಎರಡು ಚಿಹ್ನೆಗಳ ನಡುವೆ ಇಟ್ಟರೆ ಮಾತ್ರ ಒಂದು. ಗೊತ್ತಿರಲಿಲ್ಲವೇ, ಗೊತ್ತಿತ್ತು, ಬರೆದ ದಿನವೇ ಗೊತ್ತಿತ್ತು, ಆ ಸಾಲಿನ ಪಕ್ಕದಲ್ಲೇ ತನಗಾಗಿ ಒಂದು ಟಿಪ್ಪಣಿ ಬರೆದುಕೊಂಡಿದ್ದಳು, ಹೆಸರಲ್ಲಿ ಸ್ಪೇಸ್ ಬಂದರೆ? ಆಮೇಲೆ ನೋಡೋಣ. ಸೋಮವಾರ ಮಗ್ಗ ಓಡ್ಲೇಬೇಕು ಕಣಮ್ಮ, ಎಂದಿದ್ದರು ಸಾಹುಕಾರ್ ಗೋಪಾಲಪ್ಪ, ಸೋಮವಾರ ಓಡಿತು, ಎಲ್ಲರೂ ಪೇಡ ತಿಂದರು, ಚಿಹ್ನೆ ಹಾಕುವ ಬದಲು ಅವಳು ಗೋಡೆಗೆ ಒಂದು ಹಾಳೆ ಅಂಟಿಸಿದಳು, ಕಡತದ ಹೆಸರಲ್ಲಿ ಸ್ಪೇಸ್ ಬಳಸಬಾರದು ಎಂದು, ಅದನ್ನೂ ಇಂಗ್ಲಿಷಿನಲ್ಲಿ, ಯಾಕೆ ಇಂಗ್ಲಿಷಿನಲ್ಲಿ, ಅಲ್ಲಿ ಅದನ್ನು ಓದಬೇಕಾದ ಮನುಷ್ಯ ಒಬ್ಬರೇ ಇದ್ದರು, ಗಂಗಣ್ಣ, ಅವರಿಗೆ ಬರುತ್ತಿದ್ದದ್ದು ಬಿಡಿ ಬಿಡಿ ಅಕ್ಷರ ಅಷ್ಟೇ.

ಎಂಟು ತಿಂಗಳ ಹಿಂದೆ ಗಂಗಣ್ಣ ಬರೆದ ಆ ನವಿಲು ಚೆನ್ನಾಗಿತ್ತು. ತಿರುಗಿ ನೋಡುವ ನವಿಲು, ಗರಿಯ ಕಣ್ಣು ಒಂದೊಂದೂ ಬೇರೆ, ಇದಕ್ಕೆ ನನ್ನ ಹೆಸರೇ ಇಡ್ತೀನಮ್ಮ, ಇಷ್ಟು ವರ್ಷದಲ್ಲಿ ಒಂದಕ್ಕೂ ಇಟ್ಟಿಲ್ಲ, ಎಂದು ನಾಚಿಕೊಂಡು, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ, ಗಂಗಣ್ಣ, ಒಂದು ಜಾಗ, ನವಿಲು. ಅವರ ನಲವತ್ತು ವರ್ಷದ ಕೆಲಸವೆಲ್ಲ ಇದ್ದ ಫೋಲ್ಡರಿನ ಹೆಸರು ಗಂಗಣ್ಣ, ಅದೂ ಅವಳು ಇಟ್ಟದ್ದೇ. ಸ್ಕ್ರಿಪ್ಟಿನ ಮೊದಲ ಸಾಲುಗಳು ಆ ಹೆಸರಿಗೆ ಎಡವಿದವು, ಎಡವಿದಾಗ ನಿಲ್ಲು ಎಂದು ಅವಳು ಹೇಳಿರಲಿಲ್ಲ, ಅದು ನಿಲ್ಲಲಿಲ್ಲ, ಕೊನೆಯ ಸಾಲಿಗೆ ಬಂತು, ಗಂಗಣ್ಣ ಅಳಿಸು, ನವಿಲು ಅಳಿಸು, ನವಿಲು ಎಂಬುದು ಅಲ್ಲಿರಲಿಲ್ಲ, ಗಂಗಣ್ಣ ಇತ್ತು, ಹೋಯಿತು, ಒಂದು ಕೆಮ್ಮು ಕೆಮ್ಮುವಷ್ಟರಲ್ಲಿ. ಸಂಜೆ ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ಇದ್ದಂತೆ ನಕಲು ಮಾಡುವ ಸ್ಕ್ರಿಪ್ಟೂ ಅವಳದೇ, ಇಲ್ಲಿ ಇಲ್ಲದ್ದನ್ನು ಅಲ್ಲೂ ಇಲ್ಲವಾಗಿಸಿತು, ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ, ಅಳಿಸಿದ್ದನ್ನು ಮರಳಿ ತೆಗೆದುಕೊಡುವ ಬೆಂಗಳೂರಿನ ಅಂಗಡಿಯವನು ಡಿಸ್ಕ್ ಇಸಿದುಕೊಂಡು ವಾರ ಇಟ್ಟು ಆಗಲ್ಲ ಎಂದು ತಲೆಯಾಡಿಸಿ ವಾಪಸು ಕೊಟ್ಟ. ಗ್ರಾಫ್ ಹಾಳೆಗಳು ಇರಬೇಕಲ್ಲ, ಅಂದರು ಗೋಪಾಲಪ್ಪ, ಇರಲಿಲ್ಲ, ಸ್ಕ್ಯಾನ್ ಮುಗಿದ ಮೇಲೆ ಗೆದ್ದಲು ಹಿಡಿದಿದ್ದ ಕಟ್ಟುಗಳನ್ನು ಗುಜರಿಗೆ ಹಾಕಿಸಿದ್ದು, ಇನ್ನು ಯಾಕೆ ಸಾರ್ ಇವು, ಎಲ್ಲ ಕಂಪ್ಯೂಟರಲ್ಲಿದೆ, ಯಾರ ಮಾತು ಅದು, ಯಾರ ಮಾತು. ಮಗ್ಗ ನಿಲ್ಲಿಸಿ ನೇಕಾರರೆಲ್ಲ ಬಂದು ಬಾಗಿಲಲ್ಲಿ ನಿಂತಿದ್ದರು, ಏನಮ್ಮಾ ಆಗಿದ್ದು, ಗೋಪಾಲಪ್ಪ ಕೇಳಿದ್ದು ಅವಳನ್ನು, ಅವಳು ಹೇಳಿದ್ದು ಒಂದೇ ವಾಕ್ಯ, ಗಂಗಣ್ಣಾರು ಹೆಸರಲ್ಲಿ ಸ್ಪೇಸ್ ಹಾಕಿದಾರೆ ಸಾರ್, ಹಾಕ್ಬಾರ್ದು ಅಂತ ಬರ್ದು ಅಂಟಿಸಿದ್ದೆ. ಪ್ರತಿ ಪದವೂ ನಿಜ. ಇಷ್ಟು ಸತ್ಯವಾದ ಸುಳ್ಳನ್ನು ಅವಳು ಅದಕ್ಕೆ ಮೊದಲು ಆಡಿರಲಿಲ್ಲ. ಎಲ್ಲರೂ ಗೋಡೆಯ ಹಾಳೆ ನೋಡಿದರು. ಗಂಗಣ್ಣ ಕೀಬೋರ್ಡಿನ ಹತ್ತಿರ ಬಂದು ಹೆಬ್ಬೆರಳನ್ನು ಆ ಉದ್ದ ಕೀಲಿಯ ಮೇಲೆ, ಮುಟ್ಟದೆ, ಗಾಳಿಯಲ್ಲಿ ಹಿಡಿದು, ಸ್ಪೇಸ್ ಅಂದ್ರೆ ಇದಾ ತಾಯಿ, ಈ ಉದ್ದನೇದಾ, ಎಂದರು. ಹೂಂ. ನಲವತ್ತು ವರ್ಷದ್ದನ್ನ ಒಂದು ಹೆಬ್ಬೆಟ್ಟಲ್ಲಿ ಅಳಿಸಿಬಿಟ್ರಲ್ಲ ಗಂಗಣ್ಣ, ಎಂದರು ಗೋಪಾಲಪ್ಪ, ಬೈಗುಳದಂತೆಯೂ ಅಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಹೋಗಲಿಲ್ಲ, ಪ್ರೋಗ್ರಾಂ ತೆರೆದು ಆ ಟಿಪ್ಪಣಿ, ಆಮೇಲೆ ನೋಡೋಣ ಎಂಬುದನ್ನು ಅಳಿಸಿದಳು, ಕೆಳಗಿನ ಸಾಲು ಹಾಗೇ ಇತ್ತು, ಅದನ್ನು ಆಗಲೇ ಸರಿಮಾಡಿದ್ದರೆ ಯಾರಾದರೂ ಏನು ತಿದ್ದಿದೆ ಎಂದು ಕೇಳುತ್ತಿದ್ದರು, ಹಾಗಾಗಿ ತಪ್ಪನ್ನು ಉಳಿಸಿ ಸಾಕ್ಷಿಯನ್ನಷ್ಟೇ ತೆಗೆದಳು, ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಪೂರ್ತಿ ತಿಂದಳು ಕೂಡ, ಅದೂ ನೆನಪಿದೆ. ಮರುವಾರ ಗಂಗಣ್ಣನ ಮೇಜು ಕಿಟಕಿಯಿಂದ ಮೂಲೆಗೆ ಹೋಯಿತು, ಆ ಜಾಗಕ್ಕೆ ಅವಳದು ಬಂತು, ಹೊಸ ಚಿತ್ತಾರಗಳು ಹೊರಗಿನಿಂದ ಬರತೊಡಗಿದವು, ಇವರನ್ನು ಬಿಡಿಸಲಿಲ್ಲ ಗೋಪಾಲಪ್ಪ, ಪಾಪ ಎಲ್ಲಿಗೆ ಹೋಗ್ತಾರೆ, ಎಂದರು, ನೇಕಾರರು ಚಿತ್ರದ ಬಗ್ಗೆ ಏನಾದರೂ ಕೇಳಬೇಕಾದರೆ ಈಗ ಅವಳ ಹತ್ತಿರ ಬರುತ್ತಾರೆ.

ಅಂತೂ ಹಾಕಿದಳು. ಈಚೆಗೊಂದು, ಆಚೆಗೊಂದು. ಎಡವಿದರೆ ನಿಲ್ಲು ಎಂಬ ಸಾಲನ್ನೂ ಸೇರಿಸಿದಳು, ಖಾಲಿ ಫೋಲ್ಡರಿಗೆ ಗಂಗಣ್ಣ ನವಿಲು ಎಂದೇ ಹೆಸರಿಟ್ಟು ಓಡಿಸಿ ನೋಡಿದಳು, ಅದೊಂದೇ ಅಳಿಯಿತು, ಪಕ್ಕದ್ದು ಕದಲಲಿಲ್ಲ, ಇಷ್ಟೇ, ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ನಾಲ್ಕನೇ ಮಗ್ಗ ಮತ್ತೆ ಶುರುವಾಯಿತು. ಹೇಳಬೇಕು, ಇವತ್ತು ಹೇಳಿಬಿಡಬೇಕು, ಗಂಟಲಲ್ಲಿ ವಾಕ್ಯ ಸಿದ್ಧವಾಗಿತ್ತು, ಆದರೆ ಹೊರಗೆ ಬಂದದ್ದು ಬೇರೆ, ಗಂಗಣ್ಣಾರೇ, ಇನ್ಮೇಲೆ ಹೆಸರಲ್ಲಿ ಜಾಗ ಬಿಡ್ಬೋದು, ಏನೂ ಆಗಲ್ಲ. ಅವರು ಭೂತಗನ್ನಡಿ ಕೆಳಗಿಟ್ಟು ಕಣ್ಣು ಒರೆಸಿಕೊಂಡರು, ಹೌದಾ, ಏನ್ ಮಾಡ್ದಮ್ಮ. ಏನಿಲ್ಲ, ಎರಡು ಗುರುತು ಹಾಕಿದೆ. ಎರಡೇನಾ. ಎರಡೇ. ಅವರು ಸೀರೆಯ ಅಂಚನ್ನು ಬೆರಳಲ್ಲಿ ಸವರಿದರು, ಆಮೇಲೆ, ಹಿಂದೂಪುರದ ಬಸ್ಸು ಎಷ್ಟೊತ್ತಿಗೆ ಎಂದು ಕೇಳುವ ದನಿಯಲ್ಲೇ, ಹಂಗಾದ್ರೆ ಆವತ್ತೇ ಹಾಕ್ಬೋದಿತ್ತಾ ತಾಯಿ, ಎಂದರು. ಹೇಳಲು ಬಾಗಿಲು ತೆರೆದೇ ಇತ್ತು, ಒಂದು ಹೂಂ ಸಾಕಿತ್ತು, ಅವಳ ಮನಸ್ಸಿಗೆ ಗೋಪಾಲಪ್ಪ ಬಂದರು, ಆವತ್ತು ಬಾಗಿಲಲ್ಲಿ ನಿಂತಿದ್ದ ನೇಕಾರರು ಬಂದರು, ಕಿಟಕಿಯ ಪಕ್ಕದ ತನ್ನ ಮೇಜು — ಇಲ್ಲ ಗಂಗಣ್ಣಾರೇ, ಆವಾಗ ಆಗ್ತಿರ್ಲಿಲ್ಲ, ಹೊಸ ಮಿಷಿನ್ನಿಂದ ಬಂದಿರೋದು ಇದು. ಅದೇ ಮತ್ತೆ, ಅಂದರು ಅವರು, ಸಮಾಧಾನ ಮಾಡಿದ ಹಾಗೆ, ಆಗೋ ಹಂಗಿದ್ದಿದ್ರೆ ನೀನು ಬಿಡ್ತಿದ್ದಾ. ಎದ್ದು ಬಂದರು, ತಗೋ, ಈ ಇಪ್ಪತ್ತನೇದಕ್ಕೆ ಹೆಸರು ಹಾಕಿಬಿಡೋಣ, ಅವಳು ಕುರ್ಚಿ ಬಿಟ್ಟುಕೊಟ್ಟಳು, ಅವರು ಕೂತು ತೋರುಬೆರಳಲ್ಲಿ ಒತ್ತತೊಡಗಿದರು, ರುಕ್ಮಿಣಿ, ಒಂದೊಂದೇ ಅಕ್ಷರ, ಮುಂದೆ ಅಂಚು ಎಂದು ಬರಬೇಕು, ನಡುವೆ ನಿಂತರು, ಒತ್ತಿ ಗಂಗಣ್ಣಾರೇ, ಏನೂ ಆಗಲ್ಲ, ನಾನಿದೀನಲ್ಲ, ಎಂದಳು. ಬೇಡ ಬಿಡಮ್ಮ, ಅಭ್ಯಾಸ ತಪ್ಪೋಗಿದೆ. ಮೇಲಿನ ಸಾಲಿನಲ್ಲಿ, ಜಾಗದ ಬದಲು ಹಾಕುವ ಅಡ್ಡಗೆರೆಯ ಕೀಲಿ ಹುಡುಕಿ ತೋರುಬೆರಳನ್ನು ಅಲ್ಲಿಗೇ ಒಯ್ದರು, ಆಗ ನೋಡಿದಳು, ಎಂಟು ತಿಂಗಳಿಂದ ಕಾಣುತ್ತಲೇ ಇತ್ತೇನೋ, ಇವತ್ತು ನೋಡಿದಳು, ಅವರ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು, ಮಿಕ್ಕ ಮೂರು ಬೆರಳು ಅದರ ಮೇಲೆ ಬಿಗಿಯಾಗಿ ಮುಚ್ಚಿದ್ದವು, ಉಗುರು ಬೆಳ್ಳಗಾಗುವಷ್ಟು ಬಿಗಿ, ಎಲ್ಲಿ ಆ ಉದ್ದ ಕೀಲಿಗೆ ತಗುಲಿಬಿಡುತ್ತದೋ ಎಂದು, ಅವರು ಅಂಚು ಎಂದು ಒತ್ತುತ್ತಿದ್ದಾರೆ, ಪರದೆಯ ಮೇಲೆ ಏನು ಮೂಡುತ್ತಿದೆಯೋ ಅವಳಿಗೆ ಕಾಣುತ್ತಿಲ್ಲ, ಆ ಹೆಬ್ಬೆರಳು, ಮೂರು ಬೆರಳಿನ ಕೆಳಗೆ, ಮಡಚಿದ ಹೆಬ್ಬೆರಳು