ಮಗ್ಗ ಮಲಗಲಿ, ಫೋನು ಎಚ್ಚರಿರಲಿ

ರಬಕವಿಯ ನೇಕಾರ ಓಣಿಯಲ್ಲಿ ಫೋನು ಬಂದರೆ ಮೊದಲು ಮಗ್ಗ ನಿಲ್ಲಿಸಬೇಕು, ಆಮೇಲೆ ಹಲೋ ಅನ್ನಬೇಕು. ರತ್ನಾಬಾಯಿಯೂ ಹಾಗೇ ಮಾಡುತ್ತಿದ್ದಳು. ಆದರೆ ಆ ಮಳೆಗಾಲದಲ್ಲಿ ನೆಲದೊಳಗಿನ ತಾಮ್ರದ ತಂತಿಗೆ ನೀರು ಹೊಕ್ಕು, ಮಗ್ಗ ನಿಲ್ಲಿಸಿದರೂ ಕೇಳುತ್ತಿದ್ದದ್ದು ಬರೀ ಗರಗರ. ಚಿಕ್ಕಪಡಸಲಗಿಯ ಗಂಡನ ಮನೆಯಲ್ಲಿ ಮಗಳು ಪ್ರೀತಿ ತುಂಬು ಬಸುರಿ. ಮೊದಲ ಮಗನ ಶಾಲೆ ತಪ್ಪುತ್ತದೆಂದು ಈ ಸಲ ತವರಿಗೆ ಬಂದಿರಲಿಲ್ಲ. ಆ ಮನೆಯಲ್ಲಿ ಬೇರೆ ಹೆಂಗಸಿಲ್ಲ. "ಬ್ಯಾನಿ ಸುರು ಆದ ಕೂಡ್ಲೆ ಫೋನ್ ಮಾಡು, ಓಡಿ ಬರ್ತೀನಿ" ಎಂದು ರತ್ನಾಬಾಯಿ ಮಾತು ಕೊಟ್ಟಿದ್ದಳು. ಈಗ ಆ ಫೋನಿನದೇ ಈ ಪಾಡು!

ಮೊಬೈಲು ಇತ್ತು, ಇಲ್ಲವೆಂದಲ್ಲ. ಅದು ಗಂಡ ಶಿದ್ರಾಮಪ್ಪನ ಜೇಬಿನ ಸೊತ್ತು. ಸೀರೆ ಗಂಟು ಹೊತ್ತು ಅವನು ಎಲ್ಲಿಗೆ ಹೋದರೆ ಅದೂ ಅಲ್ಲಿಗೆ.

ಸ್ತ್ರೀಶಕ್ತಿ ಸಂಘದ ಗೆಳತಿ ಭಾಗ್ಯಾ ಓಣಿಯ ಮೂಲೆಯಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತಾಳೆ. ರತ್ನಾಬಾಯಿಯ ಗೋಳು ಕೇಳಿ ಅಂದಳು, "ಅಕ್ಕಾ, ಇಂಟರ್ನೆಟ್ ಫೋನ್ ಹಾಕಸ್ರಿ. ನಿಮ್ಮ ಹಳೇ ನಂಬರ್ ಉಳೀತೈತಿ, ಅದನ್ನ ಮಾತ್ರ ಮೊದ್ಲ ಕೇಳಿ ಖಾತ್ರಿ ಮಾಡ್ಕೋಬೇಕು."

"ಇಂಟರ್ನೆಟ್ಟು ಹುಡುಗೂರು ಸಿನಿಮಾ ನೋಡಾಕವಾ. ಅದರಾಗ ನನ್ನ ಮಗಳ ದನಿ ಹೆಂಗ ಬರತೈತಿ?"

"ಬರತೈತಿ. ನೀವ ಕಿವಿಯಾರೆ ಕೇಳೀರಂತ."

ಲೈನು ಎಳೆಯಲು ಬಂದ ಕೆಲಸಗಾರ ತಂತಿಯ ತುದಿ ಸುಲಿದಾಗ ಒಳಗಿನಿಂದ ಒಂದು ಎಳೆ ಹೊರಬಂತು. ಗಾಜಿನದು, ಕೂದಲಿನಷ್ಟು ಸಣ್ಣದು. ರತ್ನಾಬಾಯಿ ಬೆರಳು ಚಾಚಿದಳು.

"ಮುಟ್ಟಬ್ಯಾಡ್ರಿ ಅಕ್ಕಾ, ಗಾಜು ಚುಚ್ಚತೈತಿ!" ಎಂದು ಭಾಗ್ಯಾ ಕೈ ಹಿಡಿದಳು. "ಇದರಾಗ ಬೆಳಕು ಓಡತೈತಿ. ಬೆಳಕಿನ ಬೆನ್ನ ಮ್ಯಾಲೆ ಕುಂತು ಮಾತು ಬರತೈತಿ."

ರತ್ನಾಬಾಯಿ ಬಾಯಿ ಬಿಟ್ಟು ನಿಂತಳು. ಹುಟ್ಟಿದಾಗಿನಿಂದ ಎಳೆಗಳ ನಡುವೆಯೇ ಬೆಳೆದವಳು ಆಕೆ. ಹತ್ತಿ ಗೊತ್ತು, ರೇಷ್ಮೆ ಗೊತ್ತು, ಜರಿ ಗೊತ್ತು. ಮಾತನ್ನೇ ಹೊತ್ತು ತರುವ ಎಳೆ ಕಂಡಿರಲಿಲ್ಲ. ಕೆಲಸಗಾರ ಆ ಎಳೆಯನ್ನು ದೀಪ ಮಿಣುಕುವ ಒಂದು ಡಬ್ಬಿಗೆ ಕೂಡಿಸಿ, ಫೋನನ್ನು ಅದಕ್ಕೆ ಸೇರಿಸಿದ. ಆ ಸಂಜೆ ಪ್ರೀತಿಯ ದನಿ ಬಂದಾಗ, ಅವಳ ಮನೆಯ ಆಕಳು ಅಂಬಾ ಅಂದದ್ದೂ ಕೇಳಿತು. "ಯವ್ವಾ, ನಮ್ಮ ಪಡಸಾಲ್ಯಾಗ ನಿಂತಂಗೈತಲ್ಲ!" ಎಂದು ರತ್ನಾಬಾಯಿ ಹಿಂದಕ್ಕೆ ತಿರುಗಿ ನೋಡಿದಳು.

ಭಾಗ್ಯಾ ಹೋಗುವಾಗ ಶಿದ್ರಾಮಪ್ಪನಿಗೆ ಒಂದು ಮಾತು ಹೇಳಿದ್ದಳು. "ಮಾಮಾ, ಹಳೇ ಫೋನಿಗೆ ಅದರ ತಂತ್ಯಾಗ ಕರೆಂಟ್ ಬರತಿತ್ತು. ಈ ಡಬ್ಬಿಗೆ ನಿಮ್ಮ ಮನಿ ಕರೆಂಟ್ ಬೇಕು. ಲೈಟ್ ಹೋದ್ರ ಫೋನೂ ಹೋತು. ಸಣ್ಣದೊಂದು ಬ್ಯಾಟರಿ ಇಡ್ರಿ."

"ಆತವಾ, ನೋಡೋಣಂತ" ಎಂದ ಅವನು. ನೋಡೋಣ ಅಂದದ್ದು ಯಾವಾಗ ಆದೀತು ಹೇಳಿ! ಡಬ್ಬಿಯ ವೈರನ್ನು ಸಮೀಪ ಸಿಕ್ಕ ಮಗ್ಗದ ಕೋಣೆಯ ಬೋರ್ಡಿಗೆ ಸಿಕ್ಕಿಸಿ ಕೈತೊಳೆದುಕೊಂಡ.

ಗಣೇಶ ಚೌತಿಗೆ ಮುಂಚಿನ ಬೆನಕನ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಆ ಮನೆಯ ಮಗ್ಗಕ್ಕೆ ರಜೆ. ಶಿದ್ರಾಮಪ್ಪ ಮಗ್ಗಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅಪ್ಪ ಮಾಡುತ್ತಿದ್ದಂತೆ ಮಗ್ಗದ ಕೋಣೆಯ ಮೇನ್ ಸ್ವಿಚ್ ಇಳಿಸಿ, ಮೊಬೈಲನ್ನು ಸೈಲೆಂಟಿಗೆ ಹಾಕಿ ಗುಡಿಗೆ ಹೋದ. ಮನೆಯೆಲ್ಲ ಸುಮ್ಮನಾಯಿತು. ಮಧ್ಯಾಹ್ನ ಮಗಳನ್ನು ವಿಚಾರಿಸೋಣವೆಂದು ರತ್ನಾಬಾಯಿ ರಿಸೀವರ್ ಎತ್ತಿದರೆ ಉಸಿರೇ ಇಲ್ಲ. ಅಡುಗೆ ಮನೆಯಲ್ಲಿ ಲೈಟು ಉರಿಯುತ್ತಿದೆ, ಫೋನು ಸತ್ತಿದೆ!

"ಭಾಗ್ಯಾ, ನಿನ್ನ ಬೆಳಕಿನ ಫೋನು ನನಗ ಕೈ ಕೊಡ್ತಲ್ಲ ಬೇ!" ಎನ್ನುತ್ತ ಓಡಿದಳು.

ಭಾಗ್ಯಾ ಬಂದು ನೋಡಿದಳು. ಡಬ್ಬಿಯ ದೀಪ ಆರಿತ್ತು. ವೈರಿನ ಜಾಡು ಹಿಡಿದು ಮಗ್ಗದ ಕೋಣೆಗೆ ನಡೆದಳು, ಇಳಿದ ಸ್ವಿಚ್ಚು ಕಂಡಳು.

"ಅಕ್ಕಾ, ಮಗ್ಗಕ್ಕ ರಜಾ ಕೊಡಾಕ ಹೋಗಿ ಮಾಮಾ ಫೋನಿಗೂ ರಜಾ ಕೊಟ್ಟಾರ!"

ಸ್ವಿಚ್ಚು ಏರಿಸಿದಳು. ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟವು. ಅವು ನಿಚ್ಚಳವಾಗಿ ನಿಲ್ಲುತ್ತಿದ್ದಂತೆ ಫೋನು ರಿಂಗಾಯಿತು.

"ಅವ್ವಾ! ಮುಂಜಾನಿಂದ ಹಚ್ಚಾಕತ್ತೇನಿ, ಹತ್ತವಲ್ದು! ಅಪ್ಪನ ಮೊಬೈಲೂ ಎತ್ತವಲ್ರು. ಬ್ಯಾನಿ ಸುರು ಆಗ್ಯಾವು. ಜಮಖಂಡಿ ದವಾಖಾನಿಗೆ ಹೊಂಟೇವಿ. ಲಗೂನ ಬಾ, ನಂಗ ಅಂಜಿಕಿ ಬರಾಕತ್ತೈತಿ."

"ಬಂದೆ ಮಗಳ, ಬಂದೆ!" ಎಂದಳು ರತ್ನಾಬಾಯಿ. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಸೀರೆ ಚೀಲಕ್ಕೆ ತುರುಕುತ್ತಲೇ ಭಾಗ್ಯಾಳಿಗೆ ಅಂದಳು, "ಇದನ್ನ ಮನಿ ಬೋರ್ಡಿಗೆ ಹಾಕು. ಬ್ಯಾಟರಿನೂ ಈಗಿಂದೀಗ ಹಚ್ಚು. ಅವ್ರು ಗುಡ್ಯಾಗಿಂದ ಬಂದು ನೋಡೋಣು ಅಂದ್ರ, ನಾ ಹೇಳೀನಿ ಅನ್ನು."

ಭಾಗ್ಯಾ ತನ್ನ ಸೆಂಟರಿನ ಬ್ಯಾಟರಿಯನ್ನೇ ತಂದು ಕೂಡಿಸಿದಳು.

ರತ್ನಾಬಾಯಿ ದವಾಖಾನೆ ಮುಟ್ಟುವ ಹೊತ್ತಿಗೆ ಪ್ರೀತಿಯನ್ನು ಒಳಗೆ ಕರೆದೊಯ್ಯುತ್ತಿದ್ದರು. ಮಗಳ ಕೈ ಹಿಡಿದಳು, ಮಗಳು ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಅಳಿಯನ ಮೊಬೈಲಿನಿಂದ ಮನೆಯ ಅದೇ ಹಳೆಯ ನಂಬರು ಒತ್ತಿ, ಕೂಸಿನ ಬಾಯಿಯ ಹತ್ತಿರ ಹಿಡಿದಳು. ಕೂಸು ಕಿಟಾರನೆ ಅತ್ತಿತು.

ಆ ಕಡೆಯಿಂದ ಶಿದ್ರಾಮಪ್ಪ ಕೂಗಿದ. "ರತ್ನಾ, ಇಲ್ಲಿ ಓಣಿಗೋಣಿನೇ ಕತ್ತಲಿ. ಯಾರ ಮನ್ಯಾಗೂ ಲೈಟ್ ಇಲ್ಲ. ಈ ಡಬ್ಬಿ ಒಂದ ಮಿಣುಕಾಕತ್ತೈತಿ, ಕೂಸು ನನ್ನ ಕಿವ್ಯಾಗ ಅಳಾಕತ್ತೈತಿ! ಏನ್ ಸೋಜಿಗ ಇದು, ಏನ್ ಸೋಜಿಗ!"

ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಫೋನು ಗರಗರ ಅಂದರೆ ಇಂಟರ್ನೆಟ್ ಫೋನಿಗೆ ಅಂಜಬೇಡಿ. ನಿಮ್ಮ ನಂಬರು ಉಳಿಯುತ್ತದೆಯೇ ಎಂದು ಮೊದಲೇ ಕೇಳಿ. ಡಬ್ಬಿಯನ್ನು ಯಾರೂ ಆರಿಸದ ಸ್ವಿಚ್ಚಿಗೆ ಹಾಕಿ, ಪಕ್ಕದಲ್ಲೊಂದು ಬ್ಯಾಟರಿ ಇಡಿ. ಅದನ್ನು 'ನೋಡೋಣ' ಅನ್ನಬೇಡಿ. ಮಗ್ಗಕ್ಕೆ ರಜೆ ಕೊಡಿ, ಫೋನಿಗೆ ಬೇಡ. ಆ ಹೊತ್ತಿಗೇ ಯಾರೋ ನಿಮ್ಮನ್ನು "ಅವ್ವಾ" ಎಂದು ಕರೆಯುತ್ತಿರಬಹುದು.