ಲಿಯೋನಿನಲ್ಲಿ ಉಂಡವರು

ಯಮುನಳಿಗೆ ಅರವತ್ತು ತುಂಬಿದ ದಿನ ಮಗಳು ಮೋಕ್ಷಿತಾ ಮನೆಯವರನ್ನೆಲ್ಲ ದುಬಾರೆಯ ಹತ್ತಿರದ ಒಂದು ರೆಸಾರ್ಟಿಗೆ ಊಟಕ್ಕೆ ಕರೆದುಕೊಂಡು ಹೋದಳು. ಹೊಳೆಯ ಕಡೆಗೆ ಮುಖ ಮಾಡಿದ ಮೇಜು. ಕೂತ ಸ್ವಲ್ಪ ಹೊತ್ತಿಗೆ ಬಿಳಿ ಬಟ್ಟಲಿನಲ್ಲಿ ಈರುಳ್ಳಿ ಸೂಪು ಬಂತು. ಮೇಲೆ ಒಂದು ತುಂಡು ಬ್ರೆಡ್ಡು, ಅದರ ಮೇಲೆ ಕರಗಿದ ಚೀಸು.

"ಅಮ್ಮ, ನಿನಗೋಸ್ಕರ ಹೇಳಿ ಮಾಡಿಸಿದ್ದು. ಹೇಗುಂಟು? ಲಿಯೋನಿನ ಹಾಗೇ ಉಂಟಾ?"

ಎಲ್ಲರ ಕಣ್ಣೂ ತನ್ನ ಮೇಲಿದ್ದುದರಿಂದ ಯಮುನ, "ಹಾಗೇ ಉಂಟು ಮಗಾ," ಅಂದಳು. ಮಗಳ ಮುಖ ಅರಳಿತು. ಗಂಡ ವಸಂತ ಆಗಲೇ ತನ್ನ ಬಟ್ಟಲು ಖಾಲಿ ಮಾಡಿ, ಬಿರಿಯಾನಿ ಯಾವ ಕಡೆ ಇಟ್ಟಿದ್ದಾರೆಂದು ಕತ್ತು ಹೊರಳಿಸಿ ನೋಡುತ್ತಿದ್ದ.

ಸೂಪಿಗೆ ಹೆಸರಿಡುವ ಹಾಗೇನೂ ಇರಲಿಲ್ಲ. ಉಪ್ಪು ಸರಿಯಿತ್ತು, ಬಿಸಿಯೂ ಇತ್ತು. ಆದರೂ ಅರ್ಧ ಕುಡಿದು ಯಮುನ ಚಮಚ ಕೆಳಗಿಟ್ಟಳು. ಪಕ್ಕದ ಕುರ್ಚಿಯಲ್ಲಿ ಕೂತು, "ಇದಕ್ಕೆ ಒಂದು ಚೂರು ಗಾಂಧಾರಿ ಮೆಣಸು ಬಿದ್ದಿದ್ರೆ!" ಎಂದು ಮೂಗು ಮುರಿಯಬೇಕಾದವಳು ಅಲ್ಲಿರಲಿಲ್ಲ. ಆ ಕುರ್ಚಿಯಲ್ಲಿ ಮೋಕ್ಷಿತಾಳ ಕೈಚೀಲವಿತ್ತು.

ಯಮುನ ಫ್ರಾನ್ಸಿಗೆ ಹೋಗಿ ಬಂದದ್ದು ಸುಂಟಿಕೊಪ್ಪದಲ್ಲಿ ಎಲ್ಲರಿಗೂ ಗೊತ್ತು. ಕೊರೋನಾ ಬರುವ ಹಿಂದಿನ ವರ್ಷದ ಮಾತು. ಅವಳೂ ಸುತ್ತಮುತ್ತಲಿನ ಕೆಲವು ಹೆಂಗಸರೂ ಸೇರಿ ತಮ್ಮ ತೋಟಗಳ ಕಾಫಿಯನ್ನು ಒಟ್ಟಿಗೆ ಮಾರುತ್ತಿದ್ದರು. ಲಿಯೋನ್ ಎಂಬ ಊರಿನಲ್ಲಿ ಕಾಫಿ ಹುರಿದು ಮಾರುವ ಎಲೆನ್ ಎಂಬಾಕೆ ಅದನ್ನು ಕೊಳ್ಳುತ್ತಿದ್ದಳು. ಅಲ್ಲಿ ನಡೆಯುವ ಆಹಾರ ಮೇಳಕ್ಕೆ ಇಬ್ಬರನ್ನು ಕಳಿಸಿಕೊಡಿ ಎಂದು ಅವಳು ಕೇಳಿದಳು. ಒಬ್ಬಳು ತೋಟದವಳಾಗಬೇಕು, ಇನ್ನೊಬ್ಬಳು ಹಣ್ಣು ಕೊಯ್ಯುವವಳಾಗಬೇಕು ಎಂದಳು.

ಯಮುನಳ ತೋಟದಲ್ಲಿ ಎಷ್ಟೋ ವರ್ಷಗಳಿಂದ ಕಾಫಿ ಹಣ್ಣಿನ ಪಿಕಿಂಗಿಗೆ ಬರುತ್ತಿದ್ದವಳು ಮುತ್ತಿ. ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಕಳೆದುಕೊಂಡವಳು. ಯಮುನಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ವಿಮಾನ ಎಂದಾಗ ಅವಳು ಹೆದರಲಿಲ್ಲ. "ಅಲ್ಲಿ ಅನ್ನ ಯಾರು ಬೇಯಿಸ್ತಾರೆ ಅಮ್ಮ? ನಾನಾ, ನೀವಾ?" ಎಂದಷ್ಟೇ ಕೇಳಿದಳು.

ಯಾರೂ ಬೇಯಿಸಲಿಲ್ಲ. ಅದೇ ಆ ಪ್ರಯಾಣದ ದೊಡ್ಡ ಸಂಗತಿ. ಉಳಿದುಕೊಂಡ ಕೋಣೆಯಲ್ಲಿ ಒಲೆಯೇ ಇರಲಿಲ್ಲ. ಬುದ್ಧಿ ಬಂದಾಗಿನಿಂದ ಇಬ್ಬರೂ ಬೆಳಿಗ್ಗೆ ಎದ್ದ ಕೂಡಲೇ ಯೋಚಿಸಿದ್ದು ಇವತ್ತು ಏನು ಮಾಡುವುದು ಎಂದೇ. ಲಿಯೋನಿನಲ್ಲಿ ಎದ್ದರೆ ಇವತ್ತು ಎಲ್ಲಿ ತಿನ್ನುವುದು ಎಂಬ ಯೋಚನೆ. ಮೊದಲ ದಿನ ಯಮುನಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಯಾರಿಗೋ ಬಡಿಸುವುದು ಬಾಕಿ ಇದೆ ಎನ್ನುವ ಹಾಗೆ ಆಗಾಗ ಎದ್ದು ನಿಲ್ಲುತ್ತಿದ್ದಳು.

ಆ ಊರಿನ ನಡುವೆ ಎರಡು ನದಿ ಹರಿಯುತ್ತವೆ. ಒಂದರ ದಂಡೆಯ ಮೇಲೆ ಬೆಳಿಗ್ಗೆ ಸಂತೆ. ಜನವರಿ ತಿಂಗಳು, ಎಲೆ ಉದುರಿದ ಸಾಲುಮರಗಳ ಕೆಳಗೆ ಮಾರುವವರ ಬಾಯಿಂದ ಹೊಗೆಯ ಹಾಗೆ ಉಸಿರು ಬರುತ್ತಿತ್ತು. ಎಲೆನ್ ಕೊಡಿಸಿದ ಉಣ್ಣೆಯ ಕೋಟು ಸೀರೆಯ ಮೇಲೆ ಹಾಕಿಕೊಂಡು ಇಬ್ಬರೂ ಅಂಗಡಿಯಿಂದ ಅಂಗಡಿಗೆ ನಡೆದರು. ಸರಳಿಗೆ ಪೋಣಿಸಿದ ಕೋಳಿಗಳು ತಿರುಗುತ್ತಾ ಬೇಯುತ್ತಿದ್ದವು. ಅವುಗಳ ಕೊಬ್ಬು ಕೆಳಗಿನ ಆಲೂಗೆಡ್ಡೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಕಾಗದದ ಪೊಟ್ಟಣದಲ್ಲಿ ಆ ಆಲೂಗೆಡ್ಡೆ ತಗೊಂಡು ನದಿಯ ಕಟ್ಟೆಯ ಮೇಲೆ ಕೂತು ತಿಂದರು. ಚೀಸಿನ ಅಂಗಡಿಯವನು ಒಂದು ಚೂರು ಕತ್ತರಿಸಿ ಮುತ್ತಿಯ ಕೈಗಿಟ್ಟ. ಅವಳು ಮೂಸಿ ನೋಡಿ, "ಒದ್ದೆ ಗೋಣಿಚೀಲದ ವಾಸನೆ ಅಮ್ಮ," ಅಂದಳು. ತಿಂದ ಮೇಲೆ ಮತ್ತೆ ಕೈ ಚಾಚಿದಳು. ಅವನು ನಗುತ್ತಾ ಇನ್ನೊಂದು ಚೂರು ಕೊಟ್ಟ.

ಮೇಳದ ಮೂರನೆಯ ದಿನ ಎಲೆನ್ ಅವರನ್ನು ಹಳೇ ಗಲ್ಲಿಯೊಂದರ ಸಣ್ಣ ಹೋಟೆಲಿಗೆ ಕರೆದೊಯ್ದಳು. ಕೆಂಪು ಬಿಳಿ ಚೌಕುಳಿ ಮೇಜುಬಟ್ಟೆ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಇಕ್ಕಟ್ಟು. ನಡೆಸುವವಳು ದಪ್ಪನೆಯ ಗಟ್ಟಿ ಗಂಟಲಿನ ಹೆಂಗಸು. ತಟ್ಟೆಯಲ್ಲಿ ಬಿಟ್ಟವರನ್ನು ಬೈಯುತ್ತಾಳಂತೆ. ಅವಳು ತಂದಿಟ್ಟದ್ದು ಬ್ರೆಡ್ಡಿನ ಪುಡಿ ಹಚ್ಚಿ ಹುರಿದ ದೊಡ್ಡ ಚಪ್ಪಟೆ ತುಂಡು. ಏನೆಂದು ಕೇಳಿದರೆ ಎಲೆನ್‌ಗೆ ಇಂಗ್ಲಿಷಿನಲ್ಲಿ ಹೆಸರು ಹೊಳೆಯಲಿಲ್ಲ. ಮುತ್ತಿ ಕಚ್ಚಿದಳು, ಅಗಿದಳು, ಕಣ್ಣು ದೊಡ್ಡದಾಯಿತು.

"ಅಕ್ಕಾ! ಇದು ಬೋಟಿ!"

ಹೌದು, ಬೋಟಿಯೇ. ಸುಂಟಿಕೊಪ್ಪ ಸಂತೆಯಲ್ಲಿ ಸಿಗುವ ಹೊಟ್ಟೆ ಕರುಳಿನ ಅದೇ ಬೋಟಿ. ಯಮುನ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವರಿಗೂ ನಗು ಅಂಟಿತು. ಇಷ್ಟು ವರ್ಷ "ಅಮ್ಮ" ಎಂದವಳು "ಅಕ್ಕ" ಎಂದದ್ದು ಯಮುನಳಿಗೆ ಹೊಳೆದದ್ದು ಕೋಣೆಗೆ ಮರಳುವಾಗ. ಮರುದಿನವೂ ಮುತ್ತಿ "ಯಮುನಕ್ಕ" ಎಂದೇ ಕರೆದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ದೊಡ್ಡ ರೆಸ್ಟೋರೆಂಟಿನಲ್ಲಿ ಊಟ. ನೆಲದವರೆಗೆ ಇಳಿಬಿದ್ದ ಬಿಳಿ ಬಟ್ಟೆ, ಮಾತು ಪಿಸುಗುಟ್ಟುವಷ್ಟೇ. ವೇಟರ್ ಮೊದಲು ಹಿರಿಯಳಾದ ಮುತ್ತಿಯ ಕುರ್ಚಿ ಹಿಂದಕ್ಕೆಳೆದ. ಅವಳು ಅದನ್ನು ಬೇರೆಯವರಿಗೆ ಒಯ್ಯುತ್ತಿದ್ದಾನೆ ಎಂದುಕೊಂಡು ಪಕ್ಕಕ್ಕೆ ಸರಿದಳು. ಅವನು ತಲೆ ಬಾಗಿಸಿ ಕಾದ. ಮೀನಿನ ಹಿಟ್ಟಿನ ಮೆತ್ತನೆಯ ಉಂಡೆ ಸಾಸಿನಲ್ಲಿ ತೇಲುತ್ತಾ ಬಂತು. ಕಡುಬನ್ನು ಹಾಲಲ್ಲಿ ಅದ್ದಿದ ಹಾಗೆ ಅನ್ನಿಸಿತು ಯಮುನಳಿಗೆ. ಕೊನೆಗೆ ಗುಲಾಬಿ ಬಣ್ಣದ ಬಾದಾಮಿ ಸಿಹಿ. ಎದುರಿನ ಮೇಜಿನಲ್ಲಿ ತುಂಬ ವಯಸ್ಸಾದ ಒಬ್ಬ ಹೆಂಗಸು, ಮುತ್ತಿನ ಸರ ಹಾಕಿಕೊಂಡು, ಒಬ್ಬಳೇ ಉಣ್ಣುತ್ತಿದ್ದಳು. ಯಾರಿಗೂ ಕಾಯದೆ, ಯಾರಿಗೂ ಬಡಿಸದೆ, ಒಂದೊಂದೇ ತುತ್ತು.

"ಮನೇಲಿ ಯಾರೂ ಇಲ್ಲವೋ ಏನೋ ಪಾಪ," ಅಂದಳು ಯಮುನ.

"ಪಾಪ ಎಂಥದ್ದು ಯಮುನಕ್ಕ? ಮುಖ ನೋಡಿ. ಹಬ್ಬ ಮಾಡ್ತಿದ್ದಾಳೆ," ಅಂದಳು ಮುತ್ತಿ.

ಬೆಂಗಳೂರಿನಿಂದ ಬಸ್ಸು ಹಿಡಿದು ಸುಂಟಿಕೊಪ್ಪದಲ್ಲಿ ಇಳಿದಾಗ ವಸಂತ ಜೀಪಿನೊಂದಿಗೆ ಕಾಯುತ್ತಿದ್ದ. ಯಮುನ ಏನೋ ಹೇಳಲು ತಿರುಗುವಷ್ಟರಲ್ಲಿ ಮುತ್ತಿ ಇಬ್ಬರ ಚೀಲವನ್ನೂ ಎತ್ತಿ ಹಿಂದೆ ಹತ್ತಿ ಕೂತಿದ್ದಳು. "ಅಮ್ಮ, ನೀವು ಮುಂದೆ ಕೂತ್ಕೊಳ್ಳಿ," ಅಂದಳು.

ಊರಿಗೆ ಮರಳಿದ ಮೇಲೆ ಒಂದು ಸಲ ಯಮುನ ಅವಳನ್ನು ತನ್ನ ಮನೆಯ ಊಟದ ಮೇಜಿಗೆ ಕರೆದಳು. ಮುತ್ತಿ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಆಗಿನ್ನೂ ಬದುಕಿದ್ದ ಅತ್ತೆ ಎದ್ದು ಒಳಗೆ ಹೋದರು. ಇಬ್ಬರೂ ಅರ್ಧ ಅನ್ನ ಬಿಟ್ಟು ಎದ್ದರು. ಮತ್ತೆ ಯಮುನ ಕರೆಯಲಿಲ್ಲ, ಮುತ್ತಿ ಬರಲಿಲ್ಲ. ಆಮೇಲೆ ಕೊರೋನಾ ಬಂತು. ಮುತ್ತಿಯ ಮಂಡಿ ಕೈಕೊಟ್ಟಿತು. ಅವಳು ಲೈನ್‌ಮನೆ ಬಿಟ್ಟು ಸಿದ್ದಾಪುರದಲ್ಲಿರುವ ಮಗಳು ಶೋಭಿತಾಳ ಮನೆ ಸೇರಿದಳು ಎಂದು ಯಾರೋ ಹೇಳಿದರು.

ಹುಟ್ಟುಹಬ್ಬ ಕಳೆದು ಒಂದು ವಾರಕ್ಕೆ, ತಿಂಡಿ ಮುಗಿಸಿ ಯಮುನ ಸೀರೆ ಉಟ್ಟು ಹೊರಟಳು.

"ಎಲ್ಲಿಗೆ?" ಎಂದ ವಸಂತ.

"ಸಿದ್ದಾಪುರಕ್ಕೆ. ಮುತ್ತಿಯನ್ನು ಊಟಕ್ಕೆ ಕರ್ಕೊಂಡು ಹೋಗ್ತೇನೆ."

"ಹೋಟ್ಲಿಗಾ? ಅವಳಿಗೆ ಮುಜುಗರ ಆಗ್ತದೆ ಮಾರಾಯ್ತಿ. ಏನಾದರೂ ಕೊಟ್ಟು ಬಾ, ಸಾಕು."

ಯಮುನ ಚಪ್ಪಲಿ ಮೆಟ್ಟಿಕೊಂಡಳು. "ಲಿಯೋನಿನ ಅಷ್ಟು ದೊಡ್ಡ ಹೋಟ್ಲಲ್ಲಿ ಅವಳಿಗೆ ಮುಜುಗರ ಆಗ್ಲಿಲ್ಲ. ನನಗೇ ಆದದ್ದು," ಎಂದು ಇಳಿದುಬಿಟ್ಟಳು. ಚೆಟ್ಟಳ್ಳಿ ಮೇಲಿಂದ ಹೋಗುವ ಬಸ್ಸು ಸಿಕ್ಕಿತು.

ಸಿದ್ದಾಪುರದಲ್ಲಿ ಅಂದು ಸಂತೆ. ಕೇಳಿಕೊಂಡು ಹೋದರೆ ಮನೆ ಸುಲಭವಾಗಿ ಸಿಕ್ಕಿತು. ಮುತ್ತಿ ಬಾಗಿಲಲ್ಲೇ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ತೆಳ್ಳಗಾಗಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಮುನಳನ್ನು ಕಂಡು ಬಾಚಣಿಗೆ ಕೈಯಲ್ಲೇ ನಿಂತಿತು.

"ಅಮ್ಮ! ಯಾರಿಗಾದರೂ ಏನಾದರೂ ಆಯ್ತಾ?"

"ಯಾರಿಗೂ ಏನೂ ಆಗಿಲ್ಲ. ಹೊರಗೆ ಊಟಕ್ಕೆ ಹೋಗುವ ಅಂತ ಬಂದೆ, ನಿನ್ನ ಒಟ್ಟಿಗೆ."

ಮುತ್ತಿ ಬಾಚಣಿಗೆಗೆ ಸುತ್ತಿಕೊಂಡ ಕೂದಲನ್ನು ಬಿಡಿಸಿದಳು. ಆಮೇಲೆ, "ಆ ದೇಶದಲ್ಲಿ ನಾವು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ನೋಡ್ತಾರೆ," ಅಂದಳು.

"ನೋಡ್ಲಿ."

"ನೋಡ್ಲಿ ಅನ್ನೋದು ನಿಮಗೆ ಸುಲಭ." ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳುವ ಹಾಗಿತ್ತು. "ಇಷ್ಟು ವರ್ಷ ಆಯ್ತು. ಒಂದು ಫೋನಾದರೂ ಮಾಡಬಹುದಿತ್ತು."

"ಮಾಡಬಹುದಿತ್ತು," ಎಂದಳು ಯಮುನ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು. ಮೆಟ್ಟಿಲ ಮೇಲೆ ಮುತ್ತಿಯ ಪಕ್ಕ ಕೂತಳು. ಎದುರಿನ ರಸ್ತೆಯಲ್ಲಿ ಸಂತೆಗೆ ಹೋಗುವವರು, ಬರುವವರು. ಯಾರೋ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದುಕೊಂಡು ಹೋದರು.

"ಹಸಿವಾಗಿದೆಯಾ?" ಎಂದು ಕೇಳಿದವಳು ಮುತ್ತಿ.

"ತುಂಬಾ."

"ಹಾಗಾದರೆ ಏಳಿ. ತಡ ಆದ್ರೆ ಒಳ್ಳೇ ಮೀನು ಉಳಿಯಲ್ಲ."

ಕುಂಟುತ್ತಲೇ ಮುತ್ತಿ ಮುಂದೆ ನಡೆದಳು. ಸಂತೆಯೊಳಗೆ ನುಗ್ಗಿದ ಮೇಲೆ ಅವಳಿಗೆ ಮಂಡಿಯ ನೋವೇ ಮರೆತಂತಿತ್ತು. ಪೇರಳೆ ಹಣ್ಣಿನವನ ಹತ್ತಿರ ನಿಂತು ಒಂದನ್ನು ಒಡೆಸಿ ಅರ್ಧ ಯಮುನಳಿಗೆ ಕೊಟ್ಟಳು. ಬೆಲ್ಲದ ಅಚ್ಚಿನಿಂದ ಉಗುರಿನಲ್ಲಿ ಕೆರೆದು ನಾಲಿಗೆಗೆ ಹಚ್ಚಿ, "ಇದು ಬೇಡ, ಉಪ್ಪುಪ್ಪು," ಎಂದು ಮಾರುವವನ ಎದುರೇ ಹೇಳಿದಳು. ಒಣಮೀನಿನ ರಾಶಿಯ ಮುಂದೆ ಯಮುನ ಮೂಗು ಮುಚ್ಚಿದಾಗ ಮುತ್ತಿ ಕಿಸಕ್ಕನೆ ನಕ್ಕಳು. "ಆ ಚೀಸು ತಿಂದ ಮೂಗಾ ಇದು?"

ಸಂತೆಯ ಹಿಂದಿನ ಗಲ್ಲಿಯಲ್ಲಿ ಮಲಯಾಳಿಯೊಬ್ಬನ ಹೋಟೆಲು. ಆರೇಳು ಮೇಜು, ಗೋಡೆಗೆ ಕೈತೊಳೆಯುವ ನಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಗಲ್ಲಾದಲ್ಲಿ ಕೂತಿದ್ದವನು, "ಮುತ್ತಿ ಚೇಚಿ, ಇವತ್ತು ಲೇಟು! ನಿಮ್ಮ ಬಂಗುಡೆ ತೆಗೆದಿಟ್ಟಿದ್ದೇನೆ," ಎಂದು ಸ್ವಂತ ಅಕ್ಕನನ್ನು ಕರೆದ ಹಾಗೆ ಕೂಗಿದ. ಕಿಟಕಿ ಪಕ್ಕದ ಮೇಜು ಖಾಲಿ ಇತ್ತು. ಮುತ್ತಿ ಯಾರನ್ನೂ ಕೇಳದೆ ಅಲ್ಲಿ ಹೋಗಿ ಕೂತಳು.

ಯಮುನ ನಿಂತೇ ಇದ್ದಳು. "ನೀನು ಇಲ್ಲಿಗೆ ಬರ್ತಾ ಇರ್ತೀಯಾ?"

"ಪ್ರತಿ ಸಂತೆಗೂ. ಇಲ್ಲಿಗೆ ಬಂದ ಮೊದಲ ತಿಂಗಳಿಂದ. ಶೋಭಿತಾಳಿಗೆ ಕೋಪ, ಮನೇಲಿ ಸಾರು ಇಲ್ವಾ ಅಂತ. ಉಂಟು, ಆದರೆ ಅದನ್ನು ನಾನೇ ಮಾಡಿದ್ದು ಅಂತ ಹೇಳ್ತೇನೆ." ಮುತ್ತಿ ಎದುರಿನ ಕುರ್ಚಿ ತೋರಿಸಿದಳು. "ಮೊದಮೊದಲು ಎಲ್ಲರೂ ನೋಡಿದ್ರು, ಮುದುಕಿ ಒಬ್ಬಳೇ ಬಂದು ಕೂತಿದ್ದಾಳೆ ಅಂತ. ಒಬ್ಬ ಪಾರ್ಸಲ್ಲಾ ಅಂತ ಕೇಳಿದ. ಅಲ್ಲ, ಇಲ್ಲೇ ಕೂತು ತಿನ್ನೋದು ಅಂದೆ. ಆಮೇಲೆ ಅವರಿಗೇ ಸಾಕಾಯ್ತು. ಕೂತ್ಕೊಳ್ಳಿ ಯಮುನಕ್ಕ, ನಿಂತ್ರೆ ಅವನು ನಿಮ್ಮನ್ನೂ ಪಾರ್ಸಲ್ ಅಂದ್ಕೊಳ್ತಾನೆ."

ಯಮುನ ಕೂತಳು. ತಾನು ಮನೆಯಲ್ಲಿ ಕೂತು ಲಿಯೋನನ್ನು ನೆನೆದು ಕೊರಗುತ್ತಿದ್ದಷ್ಟು ದಿನವೂ ಮುತ್ತಿ ಇಲ್ಲಿ ಕಿಟಕಿ ಪಕ್ಕ ಕೂತು ಉಣ್ಣುತ್ತಿದ್ದಳು. ಸಂತೋಷವೂ ಆಯಿತು, ಚೂರು ಹೊಟ್ಟೆಕಿಚ್ಚೂ ಆಯಿತು.

ಕುಚ್ಚಲಕ್ಕಿ ಅನ್ನ, ಕೆಂಪಗಿನ ಮೀನು ಸಾರು, ಹುರಿದ ಬಂಗುಡೆ, ತೆಂಗಿನಕಾಯಿ ಹಾಕಿದ ಎಲೆಕೋಸಿನ ಪಲ್ಯ. ಮೊದಲ ತುತ್ತಿಗೇ ಯಮುನಳ ಮೂಗಿನಲ್ಲಿ ನೀರು ಬಂತು. ಇಬ್ಬರೂ ತಿನ್ನುತ್ತಾ ತಿನ್ನುತ್ತಾ ಆ ಊರಿನ ಒಂದೊಂದೇ ಊಟವನ್ನು ಎಳೆದು ತಂದರು. ಮುತ್ತಿಗೆ ನೆನಪಿದ್ದದ್ದು ಯಮುನಳಿಗೆ ಇರಲಿಲ್ಲ. ಆ ದಪ್ಪ ಹೆಂಗಸು ಯಮುನಳ ತಟ್ಟೆಯಲ್ಲಿ ಉಳಿದ ಚೂರಿಗೆ ಬೈದಾಗ ಮುತ್ತಿ ಅದನ್ನು ತನ್ನ ಬಾಯಿಗೆ ಹಾಕಿಕೊಂಡದ್ದು. ಕೋಣೆಯ ಕಿಟಕಿಯ ಹೊರಗೆ ಹಾಲಿನ ಬಾಟಲಿ ಇಟ್ಟು, ಬೆಳಿಗ್ಗೆ ಅದು ಕಲ್ಲಾಗಿದ್ದದ್ದು. ಗುಲಾಬಿ ಸಿಹಿಯ ಬಣ್ಣ ನಾಲಿಗೆಗೆ ಹತ್ತಿ, ಇಬ್ಬರೂ ಕನ್ನಡಿಯ ಮುಂದೆ ನಾಲಿಗೆ ಚಾಚಿ ನಿಂತದ್ದು.

"ಎಲೆನ್ ಹೇಗಿದ್ದಾಳೆ?" ಎಂದಳು ಮುತ್ತಿ.

"ಅಂಗಡಿ ಮಾರಿದಳಂತೆ. ಹಳ್ಳಿ ಸೇರಿದ್ದಾಳಂತೆ."

"ಒಳ್ಳೇ ಹೆಂಗಸು. ಕೋಟು ಇನ್ನೂ ಉಂಟು ನನ್ನ ಹತ್ತಿರ. ಇಲ್ಲಿ ಹಾಕಲಿಕ್ಕೆ ಚಳಿ ಸಾಲಲ್ಲ."

ಪಕ್ಕದ ಮೇಜಿನಲ್ಲಿ ಸುಂಟಿಕೊಪ್ಪದ ಪರಿಚಯದ ದೇರಪ್ಪ ಕೂತಿದ್ದ, ವಸಂತನ ಗೆಳೆಯ. ಯಮುನಳನ್ನು ನೋಡಿದ, ಮುತ್ತಿಯನ್ನು ನೋಡಿದ, ಮತ್ತೆ ಯಮುನಳನ್ನು ನೋಡಿದ. "ಏನು ಅತ್ತಿಗೆ, ಇಲ್ಲಿ?" ಎಂದ.

"ಊಟಕ್ಕೆ ಬಂದಿದ್ದೇವೆ," ಎಂದಳು ಯಮುನ. "ಇವಳು ಮುತ್ತಿ. ನನ್ನ ಒಟ್ಟಿಗೆ ಫ್ರಾನ್ಸಿಗೆ ಬಂದವಳು."

ದೇರಪ್ಪ ತಲೆಯಾಡಿಸಿ ತನ್ನ ಅನ್ನಕ್ಕೆ ತಿರುಗಿದ. ಸಂಜೆಯೊಳಗೆ ಈ ಸುದ್ದಿ ಸುಂಟಿಕೊಪ್ಪ ತಲುಪುತ್ತದೆ ಎಂದು ಯಮುನಳಿಗೆ ಗೊತ್ತಿತ್ತು. ಅವಳು ಇನ್ನೊಂದು ಬಂಗುಡೆ ಹೇಳಿದಳು.

ಬಸ್ಸಿನ ಹೊತ್ತು ಮೀರಿಹೋಗಿತ್ತು. ವಸಂತನ ಫೋನು ಬಂತು. "ಎಲ್ಲಿದ್ದಿ? ಜೀಪು ತರಲಾ?"

"ಬೇಡ, ಮುಂದಿನ ಬಸ್ಸಿಗೆ ಬರ್ತೇನೆ. ಕುಕ್ಕರಿಗೆ ಅಕ್ಕಿ ನೀವೇ ಇಡಿ."

"ನೀರು ಎಷ್ಟು ಹಾಕಬೇಕು?"

ಯಮುನ ಹೇಳಿದಳು. ಫೋನು ಇಟ್ಟ ಮೇಲೆ ಮುತ್ತಿ, "ಸಾರು?" ಎಂದು ಕೇಳಿದಳು.

"ಮೊಸರು ಉಂಟು. ಒಂದು ದಿನ ತಿನ್ಲಿ."

ಇಬ್ಬರೂ ಕೈ ತೊಳೆದು ಬಂದು ಮತ್ತೆ ಅದೇ ಮೇಜಿನಲ್ಲಿ ಕೂತರು. ಹೊರಗೆ ಸಂತೆ ಕರಗುತ್ತಿತ್ತು, ಉಳಿದ ಸೊಪ್ಪನ್ನು ಅಗ್ಗಕ್ಕೆ ಕೂಗುತ್ತಿದ್ದರು. ಮುತ್ತಿ ಎರಡು ಚಹಾ ಹೇಳಿದಳು. ಮುಂದಿನ ಸಂತೆಗೆ ಸ್ವಲ್ಪ ಬೇಗ ಬರಬೇಕೆಂದೂ, ಆ ದಿನ ಏಡಿ ಬರುವ ಮಾತಿದೆಯೆಂದೂ ತಿಳಿಸಿದಳು.