ನೂರು ವರ್ಷದ ಸದ್ದು

ಹಳೆಯ ಅರಮನೆಯೊಂದು ಹೋಟೆಲ್ ಆಗಿತ್ತು. ಮಗಳು ಹಟ ಹಿಡಿದು ಅಪ್ಪ ಅಮ್ಮನನ್ನು ಅಲ್ಲಿಗೆ ಕಳಿಸಿದ್ದಳು. ಬಡಗಿ ಅಪ್ಪನಿಗೆ ಮಾತ್ರ ಮುಳ್ಳಿನ ಮೇಲೆ ಕೂತಂತಾಗಿತ್ತು. ಕೋಣೆಯ ಬಾಗಿಲು ತೆರೆದಾಗಲೆಲ್ಲ ಕಿರ್ರೆನ್ನುತ್ತಿತ್ತು.

“ಸುಮ್ನೆ ಕೂತ್ಕೊಳ್ರೀ, ರಜಕ್ಕೆ ಬಂದಿದೀವಿ,” ಎಂದಳು ಹೆಂಡತಿ.

ಕೂರುವ ಜೀವವೇ ಅದು? ಆಕೆ ಸ್ನಾನಕ್ಕೆ ಹೋದದ್ದೇ ತಡ, ಅವಳ ತಲೆಗೆ ಹಚ್ಚುವ ಎಣ್ಣೆಯನ್ನೆಲ್ಲ ಬಾಗಿಲಿನ ಕೀಲುಗಳಿಗೆ ಕುಡಿಸಿದ. ಬಾಗಿಲು ಬಾಯಿ ಮುಚ್ಚಿತು.

ವಿಚಾರಿಸಿಕೊಳ್ಳಲು ಬಂದ ಮ್ಯಾನೇಜರ್, ಬಾಗಿಲು ಸದ್ದಿಲ್ಲದೆ ತೆರೆದದ್ದು ಕಂಡು ಹೌಹಾರಿದ. “ಏನ್ ಮಾಡಿದ್ರಿ ಸ್ವಾಮಿ! ಆ ಸದ್ದಿಗೋಸ್ಕರಾನೇ ಜನ ಈ ರೂಮು ಕೇಳ್ತಾರೆ. ನೂರು ವರ್ಷದ ಸದ್ದು!”

ಬಡಗಿ ಇಂಗು ತಿಂದ ಮಂಗನಂತಾದ.

ತಲೆ ಒರೆಸಿಕೊಳ್ಳುತ್ತ ಬಂದ ಹೆಂಡತಿ ಹೇಳಿದಳು: “ಯೋಚ್ನೆ ಮಾಡ್ಬೇಡಿ, ನಮ್ಮನೆ ಬಾಗಿಲನ್ನೇ ತಂದು ಹಾಕ್ಕೊಳ್ಳಿ. ನಾನು ಮದುವೆಯಾಗಿ ಬಂದಾಗ್ಲಿಂದ ಕಿರುಗುಟ್ತಾನೇ ಇದೆ. ಇವ್ರಿಗೆ ಪುರುಸೊತ್ತೇ ಸಿಕ್ಕಿಲ್ಲ.”